ಗುಲಾಮರ ಆತ್ಮಕಥನಗಳ ಪ್ರಾಮಾಣ್ಯವಿಚಾರ

ಅಟ್ಲಾಂಟಿಕ್ ಸಾಗರದ ಗುಲಾಮವ್ಯಾಪಾರದ ಚರಿತ್ರೆಯನ್ನು ಬರೆಯುವವರಿಗೆ ಎರಡು ಬಗೆಯ ಸಾಮಗ್ರಿಗಳು ದೊರೆಯುತ್ತವೆ. ಕೊಂಡವರೂ ಮಾರಿದವರೂ ಬರೆದಿಟ್ಟದ್ದು ಒಂದು: ಹಡಗಿನ ಸರಕುಪಟ್ಟಿ, ತೋಟದ ಲೆಕ್ಕದ ಪುಸ್ತಕ, ಕ್ರಯಪತ್ರ, ಮರಣಶಾಸನ, ಓಡಿಹೋದವರನ್ನು ಹಿಡಿದುಕೊಟ್ಟವರಿಗೆ ಬಹುಮಾನವನ್ನು ಸಾರುವ ಪತ್ರಿಕಾಪ್ರಕಟಣೆ. ಕೊಳ್ಳಲ್ಪಟ್ಟವರು ತಾವೇ ಬರೆದದ್ದು ಅಥವಾ ಹೇಳಿ ಬರೆಯಿಸಿದ್ದು ಇನ್ನೊಂದು. ಮೊದಲನೆಯದು ರಾಶಿರಾಶಿಯಾಗಿದೆ. ಮುಖ್ಯವಾಗಿ ಅದರ ಆಧಾರದ ಮೇಲೆಯೇ ಸುಮಾರು 1 ಕೋಟಿ 25 ಲಕ್ಷ ಮಂದಿ ಆಫ್ರಿಕದ ತೀರದಲ್ಲಿ ಹಡಗಿಗೆ ಏರಿಸಲ್ಪಟ್ಟರೆಂದೂ, ಅವರಲ್ಲಿ ಸುಮಾರು 1 ಕೋಟಿ 7 ಲಕ್ಷ ಮಂದಿ ಮಾತ್ರ ಜೀವಸಹಿತರಾಗಿ ಆಚೆಯ ದಡವನ್ನು ಸೇರಿದರೆಂದೂ ಈಗಿನ ವಿದ್ವಾಂಸರು ಗಣಿಸಿರುವರು. ಎರಡನೆಯದು ಅದರ ಮುಂದೆ ಹಿಡಿಯಷ್ಟು. ಈ ಹಿಡಿಯಷ್ಟನ್ನು ಚರಿತ್ರೆಯಲ್ಲಿ ಮೂಲವೆಂದು ಎಣಿಸಬೇಕೋ, ಅನ್ಯತ್ರ ಸಿದ್ಧವಾದ ಅರ್ಥಕ್ಕೆ ಕೊಡುವ ಉದಾಹರಣವೆಂದು ಮಾತ್ರ ಎಣಿಸಬೇಕೋ ಎಂಬುದೇ ಪ್ರಕೃತ ವಿಚಾರವು.

ಶಬ್ದದ ವಿಷಯದಲ್ಲಿ ಮೊದಲು ಒಂದು ಮಾತು. ಕನ್ನಡದಲ್ಲಿ ದಾಸನೆಂದೊಡನೆ ಪುರಂದರದಾಸರೂ ಕನಕದಾಸರೂ ನೆನಪಿಗೆ ಬರುವರು. ತೊತ್ತು, ಆಳು ಮೊದಲಾದ ದೇಶ್ಯಶಬ್ದಗಳೂ ವಚನಕಾರರ ಬಾಯಲ್ಲಿ ಭಕ್ತನ ವಿನಯವನ್ನು ಹೇಳುವ ಪದಗಳಾಗಿ ಮಾನ್ಯತೆಯನ್ನು ಪಡೆದಿವೆ. ಸ್ವಾಮಿಯನ್ನು ತಾನೇ ವರಿಸಿದವನ ದಾಸ್ಯವು ಬೇರೆ. ಸಂತೆಯಲ್ಲಿ ಹಲ್ಲನ್ನೂ ತೋಳನ್ನೂ ಪರೀಕ್ಷಿಸಿ ಕೊಳ್ಳಲ್ಪಟ್ಟವನ ದಾಸ್ಯವು ಬೇರೆ. ಅರಬ್ಬೀ ಮೂಲದ ಗುಲಾಮಶಬ್ದವೂ ಕೀರ್ತನೆಗಳಲ್ಲಿ ಒಮ್ಮೊಮ್ಮೆ ಭಕ್ತಿಯ ದಾರಿಯನ್ನೇ ಹಿಡಿದಿದ್ದರೂ ಅದರಲ್ಲಿ ಸಂತೆಯ ವಾಸನೆ ಇನ್ನೂ ಉಳಿದಿದೆ. ಆದಕಾರಣ ಇಲ್ಲಿ ಅದನ್ನೇ ಬಳಸಲಾಗಿದೆ.

ಈ ಕಥನಗಳ ಮುಖಪತ್ರವನ್ನು ನೋಡಿದೊಡನೆ ಒಂದು ವಿಶೇಷವು ಕಣ್ಣಿಗೆ ಬೀಳುತ್ತದೆ. 1789ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಓಲೌಡಾ ಇಕ್ವಿಯಾನೊವಿನ ಜೀವನಕಥೆಯ ಹೆಸರಿನ ಕೊನೆಗೆ, ಇದನ್ನು ಆತನೇ ಬರೆದನೆಂಬ ಒಕ್ಕಣೆಯಿದೆ. 1845ರಲ್ಲಿ ಬಾಸ್ಟನ್ನಿನಲ್ಲಿ ಹೊರಟ ಫ್ರೆಡರಿಕ್ ಡಗ್ಲಸ್ಸನ ಗ್ರಂಥದಲ್ಲಿಯೂ ಅದೇ ಒಕ್ಕಣೆ. 1861ರ ಹ್ಯಾರಿಯೆಟ್ ಜೇಕಬ್ಸಳ ಗ್ರಂಥದಲ್ಲಿಯೂ ಅದೇ. 1831ರ ಮೇರಿ ಪ್ರಿನ್ಸಳ ವೃತ್ತಾಂತದಲ್ಲಿ ಆಕೆಯೇ ಹೇಳಿದುದೆಂದಿದೆ. ಗ್ರಂಥಕರ್ತನ ಹೆಸರು ಮುಖಪತ್ರದಲ್ಲಿ ಇರುವಾಗ ಆತನೇ ಬರೆದನೆಂದು ಪುನಃ ಹೇಳುವುದು ಪುನರುಕ್ತಿಯಲ್ಲವೆ? ಓದುಗನಿಗೆ ಸಂಶಯವಿಲ್ಲದ ಕಡೆ ಪುನರುಕ್ತಿ. ಸಂಶಯವಿರುವ ಕಡೆ ಅದು ಪ್ರತಿಜ್ಞಾವಾಕ್ಯ. ಆಸ್ತಿಯೆಂದು ಎಣಿಸಲ್ಪಟ್ಟ ವಸ್ತುವು ಪುಸ್ತಕವನ್ನು ಬರೆಯುವುದೆಂದರೆ ಆ ಕಾಲದ ಕೊಳ್ಳುಗರಿಗೆ ಗಾಡಿಯೋ ಕುದುರೆಯೋ ಬರೆದಂತೆ ತೋರುತ್ತಿತ್ತು.

ಆ ದೇಶದ ನ್ಯಾಯಸ್ಥಾನಗಳ ಮತವೂ ಇದೇ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯನಿಗೆ ಪ್ರತಿಕೂಲವಾಗಿ ಗುಲಾಮನ ಸಾಕ್ಷ್ಯವು ಅಗ್ರಾಹ್ಯವಾಗಿದ್ದಿತು. ಕಣ್ಣೆದುರಿಗೆ ಕೊಲೆಯಾದರೂ ನೋಡಿದವನು ಕರಿಯನಾದರೆ ನೋಡಿದವನೇ ಇಲ್ಲ. ಇದನ್ನು ಓದಿ ನಮ್ಮವರು ಹುಬ್ಬೇರಿಸುವುದಕ್ಕೆ ಮುಂಚೆ ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ತೆರೆಯುವುದು ಒಳ್ಳೆಯದು. ಅಲ್ಲಿ ಪರಾಧೀನನು ಸಾಕ್ಷಿಯಾಗಲು ಅನರ್ಹರ ಪಟ್ಟಿಯಲ್ಲಿದ್ದಾನೆ. ಯೋಗ್ಯಸಾಕ್ಷಿಗಳು ಯಾರೂ ಸಿಕ್ಕದಿದ್ದರೆ ಬಾಲಕ, ವೃದ್ಧ, ಶಿಷ್ಯ, ಬಂಧು ಇವರೊಡನೆ ದಾಸನನ್ನೂ ಕೇಳಬಹುದೆಂದು ಗತ್ಯಂತರವಿಲ್ಲದ ಅನುಮತಿಯಿದೆ.

ಆದರೆ ಧರ್ಮಶಾಸ್ತ್ರಕಾರರು ಮುಚ್ಚಿದ ಬಾಗಿಲನ್ನು ನೈಯಾಯಿಕರು ತೆರೆದಿಟ್ಟಿರುವರು. ಆಪ್ತನ ವಾಕ್ಯವೇ ಶಬ್ದಪ್ರಮಾಣವೆಂದು ಗೌತಮರ ಸೂತ್ರ. ಆಪ್ತನಾರು ಎಂದರೆ, ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತವನು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ಭಾಷ್ಯಕಾರ ವಾತ್ಸ್ಯಾಯನರು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸ್ಪಷ್ಟವಾಗಿ ಹೇಳುವರು. ಕುಲವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅವರು ಲಕ್ಷಣದಲ್ಲಿ ಸೇರಿಸಿಲ್ಲ. ಇದಕ್ಕಿಂತ ಸಮವಾದ ತಕ್ಕಡಿಯು ಈ ವಿಚಾರಕ್ಕೆ ಬೇರೆಲ್ಲಿಯೂ ದೊರೆಯದು. ಸಮವಾದ ತಕ್ಕಡಿಯೆಂದರೆ ಗುಲಾಮನ ಮಾತನ್ನು ತೂಗದೆ ಒಪ್ಪುವುದೆಂದಲ್ಲ. ಯಜಮಾನನ ಲೆಕ್ಕದ ಪುಸ್ತಕವನ್ನೂ ಅದೇ ತಟ್ಟೆಯಲ್ಲಿಟ್ಟು ತೂಗುವುದು.

ಚರಿತ್ರಕಾರರು ಬಹುಕಾಲ ಹಾಗೆ ಮಾಡಲಿಲ್ಲ. 1918ರಲ್ಲಿ ಅಮೆರಿಕದ ಗುಲಾಮಪದ್ಧತಿಯ ಮೇಲೆ ದೊಡ್ಡ ಗ್ರಂಥವನ್ನು ಬರೆದ ಉಲ್ರಿಚ್ ಫಿಲಿಪ್ಸನು ತೋಟದ ಯಜಮಾನರ ಕಾಗದಗಳನ್ನು ಪರಿಶ್ರಮದಿಂದ ಸಂಗ್ರಹಿಸಿ, ಅವುಗಳ ಮೇಲೆಯೇ ತನ್ನ ಕಟ್ಟಡವನ್ನು ನಿಲ್ಲಿಸಿದನು. ಗುಲಾಮರ ಕಥನಗಳು ಗುಲಾಮವಿಮೋಚನಾವಾದಿಗಳ ಕೈಯಲ್ಲಿ ತಿದ್ದಲ್ಪಟ್ಟಿರುವುದರಿಂದ ಸಂಶಯಾಸ್ಪದಗಳೆಂಬ ಅಭಿಪ್ರಾಯವು ಆತನ 1929ರ ಗ್ರಂಥದಲ್ಲಿದೆ. ಪಕ್ಷಪಾತವು ಪ್ರಾಮಾಣ್ಯವನ್ನು ಕೆಡಿಸುವುದೆಂಬ ನ್ಯಾಯವು ಸರಿಯಾದುದೇ. ಆದರೆ ಚಾವಟಿಯನ್ನು ಹಿಡಿದವನ ದಿನಚರಿಯು ನಿಷ್ಪಕ್ಷಪಾತವೆಂಬುದಕ್ಕೆ ಹೇತುವೇನು? ಈ ಪ್ರಶ್ನೆಗೆ ಫಿಲಿಪ್ಸನ ಪುಟಗಳಲ್ಲಿ ಸಮಾಧಾನವು ದೊರೆಯದು.

ಸಂಪಾದಕರ ಕೈವಾಡವಿದ್ದುದು ಮಾತ್ರ ನಿಜ. ಡಗ್ಲಸ್ಸನ ಗ್ರಂಥಕ್ಕೆ ವಿಲಿಯಂ ಲಾಯ್ಡ್ ಗ್ಯಾರಿಸನ್ನನ ಮುನ್ನುಡಿ, ವೆಂಡೆಲ್ ಫಿಲಿಪ್ಸನ ಪತ್ರ ಎಂದು ಇಬ್ಬರು ಬಿಳಿಯರ ಜಾಮೀನು ಮೊದಲು ಬಂದು, ಆಮೇಲೆ ಗ್ರಂಥಕರ್ತನು ಬಾಯಿ ತೆರೆಯುತ್ತಾನೆ. ವೇದಿಕೆಯ ಮೇಲೆ ನಡೆದ ಸಂಗತಿಗಳನ್ನು ಮಾತ್ರ ಹೇಳು, ತತ್ತ್ವವಿಚಾರವನ್ನು ತಾವು ನೋಡಿಕೊಳ್ಳುವೆವೆಂದು ಮಿತ್ರರೇ ತನಗೆ ಬುದ್ಧಿ ಹೇಳಿದುದನ್ನು ಆತನು 1855ರ ಎರಡನೆಯ ಆತ್ಮಕಥೆಯಲ್ಲಿ ದಾಖಲಿಸಿರುವನು. ಪ್ರಮಾಣವಾಗಲು ಒಪ್ಪಿಗೆ, ಪ್ರಮಾತೃವಾಗಲು ಒಪ್ಪಿಗೆಯಿಲ್ಲ. ಆ ಎರಡನೆಯ ಗ್ರಂಥಕ್ಕೆ ಪೀಠಿಕೆಯನ್ನು ಬರೆದವನು ನ್ಯೂಯಾರ್ಕಿನ ಕರಿಯ ವೈದ್ಯನಾದ ಜೇಮ್ಸ್ ಮೆಕ್ಯೂನ್ ಸ್ಮಿತ್. ಪೀಠಿಕಾಕಾರನು ಬದಲಾದುದು ಸಣ್ಣ ವಿಷಯವಲ್ಲ.

ಮೊದಲನೆಯ ಗ್ರಂಥಕ್ಕೆ ಎಲ್ಲಕ್ಕಿಂತ ದೊಡ್ಡ ಜಾಮೀನು ಬಂದುದು ಶತ್ರುಪಕ್ಷದಿಂದ. ಮೇರಿಲೆಂಡಿನಲ್ಲಿ ಡಗ್ಲಸ್ಸನ ಯಜಮಾನರ ನೆರೆಹೊರೆಯಲ್ಲಿದ್ದ ಥಾಮ್ಸನ್ ಎಂಬವನು 1845ರಲ್ಲಿಯೇ ಪತ್ರಿಕೆಯೊಂದರಲ್ಲಿ ಖಂಡನಲೇಖವನ್ನು ಬರೆದನು. ಅದರ ಸಾರವೇನೆಂದರೆ: ಈ ಮನುಷ್ಯನನ್ನು ತಾನು ಬಲ್ಲೆನು, ಅವನು ಫ್ರೆಡರಿಕ್ ಬೇಲಿ ಎಂಬ ಗುಲಾಮ, ಅಕ್ಷರವಿಲ್ಲದ ಸಾಮಾನ್ಯನಾದುದರಿಂದ ಈ ಪುಸ್ತಕವನ್ನು ಬರೆಯಲು ಶಕ್ತನಲ್ಲ. ಆತನು ಗುಲಾಮನಾಗಿದ್ದುದೇ ಸುಳ್ಳೆಂದು ಉತ್ತರದೇಶದಲ್ಲಿ ಅನೇಕರು ಆಡಿಕೊಳ್ಳುತ್ತಿದ್ದ ಕಾಲವದು. ಡಗ್ಲಸ್ಸನು ಥಾಮ್ಸನ್ನನಿಗೆ ಬಹಿರಂಗವಾಗಿ ವಂದನೆಯನ್ನು ಅರ್ಪಿಸಿದನು. ಪ್ರತಿವಾದಿಯ ಬಾಯಿಂದಲೇ ಪಕ್ಷವನ್ನು ಸಾಧಿಸುವ ಈ ಚಾತುರ್ಯವನ್ನು ಕಂಡರೆ ಯಾವ ವಾದಸಭೆಯ ಪಂಡಿತನೂ ತಲೆದೂಗಬೇಕು.

ಇನ್ನು ಇಕ್ವಿಯಾನೊವಿನ ಪ್ರಸಂಗ. ತಾನು ಆಫ್ರಿಕದ ಈಗಿನ ನೈಜೀರಿಯ ಪ್ರದೇಶದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಪಹೃತನಾಗಿ ಸಮುದ್ರವನ್ನು ದಾಟಿದುದಾಗಿ ಆತನು ಹೇಳುವನು. ಹಡಗಿನ ಒಡಲಿನ ದುರ್ಗಂಧವನ್ನೂ ಆರ್ತನಾದವನ್ನೂ ವರ್ಣಿಸುವ ಆ ಅಧ್ಯಾಯವನ್ನು ಆಧರಿಸದ ಗುಲಾಮವ್ಯಾಪಾರದ ಚರಿತ್ರೆಗಳು ವಿರಳ. ಆದರೆ 1759ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಚರ್ಚೊಂದರಲ್ಲಿ ನಡೆದ ಆತನ ದೀಕ್ಷಾಸ್ನಾನದ ದಾಖಲೆಯಲ್ಲಿಯೂ, 1773ರ ಉತ್ತರಧ್ರುವಯಾತ್ರೆಯ ಹಡಗಿನ ಹಾಜರಿಪಟ್ಟಿಯಲ್ಲಿಯೂ ಜನ್ಮಸ್ಥಳವು ಕ್ಯಾರೊಲಿನಾ ಎಂದಿರುವುದನ್ನು ವಿನ್ಸೆಂಟ್ ಕ್ಯಾರೆಟಾ ಅವರು ಹೊರಗೆಡಹಿ, 2005ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಚರ್ಚಿಸಿರುವರು. ಪಾಲ್ ಲವ್‌ಜಾಯ್ ಮೊದಲಾದವರು ಇದನ್ನು ಪ್ರತಿಭಟಿಸಿ ಆತ್ಮಕಥೆಯ ಪಕ್ಷವನ್ನೇ ಹಿಡಿದಿರುವರು.

ಇಲ್ಲಿ ಎರಡು ದಾಖಲೆಗಳ ಬಲವು ಒಂದೇ ಅಲ್ಲ. ದೀಕ್ಷೆಯ ಕಾಲದಲ್ಲಿ ಆತನು ಇನ್ನೊಬ್ಬನ ಅಧೀನದಲ್ಲಿದ್ದ ಹುಡುಗ. ಕರಣಿಕನಿಗೆ ಊರ ಹೆಸರನ್ನು ಯಾರು ಹೇಳಿದರೆಂಬುದು ದಾಖಲೆಯಲ್ಲಿಲ್ಲ. ಅದನ್ನು ಒಂದು ಗ್ರಂಥದ ವಿರುದ್ಧ ನಿಲ್ಲಿಸುವುದು ಸಾಹಸವೇ ಸರಿ. ಎರಡನೆಯದನ್ನು ಹಾಗೆ ತಳ್ಳಿಬಿಡಲಾಗದು. 1773ರಲ್ಲಿ ಆತನು ಸ್ವತಂತ್ರ, ಪ್ರಾಪ್ತವಯಸ್ಕ; 1766ರಲ್ಲಿಯೇ ತನ್ನ ಸ್ವಂತ ಸಂಪಾದನೆಯಿಂದ ತನ್ನನ್ನು ತಾನು ಕೊಂಡುಕೊಂಡಿದ್ದವನು. ಹೀಗಾಗಿ ಹೇತುವಿಗೆ ಪ್ರತಿಹೇತುವು ಎದುರಾಗಿ ನಿಂತಿದೆ. ನಿರ್ಣಯವು ಸದ್ಯಕ್ಕೆ ಸಾಧ್ಯವಿಲ್ಲ. ಆದರೆ ಜನ್ಮವು ಕ್ಯಾರೊಲಿನಾದಲ್ಲಾಯಿತೆಂದೇ ಇಟ್ಟುಕೊಂಡರೂ ಬಿದ್ದುಹೋಗುವುದು ಮೊದಲ ಅಧ್ಯಾಯಗಳ ಪ್ರತ್ಯಕ್ಷತ್ವವೇ ಹೊರತು ಗ್ರಂಥವಲ್ಲ. ಆಗ ಆ ಭಾಗವು ಸಮುದ್ರವನ್ನು ದಾಟಿ ಬಂದ ಅನೇಕರ ಬಾಯಿಂದ ಕೇಳಿದುದನ್ನು ಒಬ್ಬನು ತನ್ನದಾಗಿ ಹೇಳಿದ ಐತಿಹ್ಯವಾಗುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಮಾಂಟ್‌ಸೆರಾಟಿನ ವರ್ತಕನ ಗುಮಾಸ್ತೆಯಾಗಿ, ಗುಲಾಮರನ್ನು ಹೊತ್ತ ದೋಣಿಗಳಲ್ಲಿ ತಾನೇ ದುಡಿದು ಕಂಡುದನ್ನು ಆತನು ಬರೆದ ಅಧ್ಯಾಯಗಳಿಗೆ ಯಾವ ಊನವೂ ಇಲ್ಲ. ವಿಚಿತ್ರವೆಂದರೆ, ಚರಿತ್ರಕಾರರು ಹೆಚ್ಚಾಗಿ ಉದ್ಧರಿಸುವುದು ವಿವಾದಗ್ರಸ್ತವಾದ ಭಾಗವನ್ನೇ.

ಇಕ್ವಿಯಾನೊವಿನಲ್ಲಿ ಚರ್ಚೆಗೆ ಬಂದುದು ಹೇಳಿದ ಮಾತು. ಹೇಳದೆ ಬಿಟ್ಟ ಮಾತೂ ಈ ಗ್ರಂಥಗಳಲ್ಲಿ ಅರ್ಥವನ್ನು ಹೊತ್ತಿದೆ. ಡಗ್ಲಸ್ಸನು 1838ರ ಸೆಪ್ಟೆಂಬರ್ 3ರಂದು ಹೇಗೆ ಪಾರಾದನೆಂಬುದನ್ನು 1845ರ ಗ್ರಂಥದಲ್ಲಿ ಹೇಳಲಿಲ್ಲ. ಹೇಳಿದ್ದರೆ ಹಿಂದೆ ಉಳಿದವರ ದಾರಿಯೂ ಮುಚ್ಚಿಹೋಗುತ್ತಿತ್ತು. ನಾವಿಕನ ವೇಷದಲ್ಲಿ, ಇನ್ನೊಬ್ಬನ ರಹದಾರಿಯ ಕಾಗದವನ್ನು ಜೇಬಿನಲ್ಲಿಟ್ಟು ರೈಲಿನಲ್ಲಿ ಹೊರಟುದನ್ನು ಗುಲಾಮಪದ್ಧತಿಯು ಅಳಿದ ಅನಂತರ, 1881ರ ಗ್ರಂಥದಲ್ಲಿ ವಿವರವಾಗಿ ಬರೆದಿರುವನು. ಕಥೆಯ ಶಿಖರವನ್ನೇ ಬಿಟ್ಟು ಕಥೆ ಹೇಳಿದುದು ಕಾವ್ಯದೃಷ್ಟಿಯಿಂದ ದೋಷವಿರಬಹುದು. ಆಪ್ತತ್ವಕ್ಕೆ ಅದೇ ಲಕ್ಷಣವಾಗಿದೆ.

ಈ ದೃಷ್ಟಿಯಿಂದ ಎಲ್ಲಕ್ಕಿಂತ ಹೆಚ್ಚು ವಿಚಾರಣೀಯವಾದುದು ಹ್ಯಾರಿಯೆಟ್ ಜೇಕಬ್ಸಳ ಗ್ರಂಥವು. ಆಕೆ ಉತ್ತರ ಕ್ಯಾರೊಲಿನಾದ ಈಡೆಂಟನ್ ಪಟ್ಟಣದಲ್ಲಿ 1813ರಲ್ಲಿ ಹುಟ್ಟಿದವಳು. ಗ್ರಂಥದಲ್ಲಿ ತನ್ನ ಹೆಸರನ್ನು ಲಿಂಡಾ ಬ್ರೆಂಟ್ ಎಂದೂ, ತನ್ನನ್ನು ಕಾಮಕ್ಕೆ ಗುರಿಮಾಡಿದ ವೈದ್ಯ ನಾರ್ಕಮ್‌ನ ಹೆಸರನ್ನು ಫ್ಲಿಂಟ್ ಎಂದೂ ಬದಲಿಸಿದಳು. ಅವನ ಕೈಯಿಂದ ತಪ್ಪಿಸಿಕೊಂಡು ಆಕೆ ಅಡಗಿದುದು ಅದೇ ಪಟ್ಟಣದಲ್ಲಿ, ಸ್ವತಂತ್ರಳಾಗಿದ್ದ ಅಜ್ಜಿಯ ಮನೆಯ ಅಟ್ಟದ ಮೇಲೆ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತ್ಯಂತ ಎತ್ತರವಾದ ಕಡೆ ಮೂರು ಅಡಿ. ಅಲ್ಲಿ ಸುಮಾರು ಏಳು ವರ್ಷ. ಬೈರಿಗೆಯಿಂದ ಕೊರೆದ ರಂಧ್ರದ ಮೂಲಕ ಬೀದಿಯಲ್ಲಿ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು. ಮಕ್ಕಳಿಗೆ ತಾಯಿಯು ತಲೆಯ ಮೇಲಿರುವುದು ತಿಳಿಯದು. ಉತ್ತರದೇಶದಿಂದ ಬಂದವೆಂದು ತೋರುವಂತೆ ಕಾಗದಗಳನ್ನು ಬರೆದು, ಅಲ್ಲಿಂದ ಅಂಚೆಗೆ ಹಾಕಿಸಿ, ಯಜಮಾನನನ್ನು ದಾರಿ ತಪ್ಪಿಸಿದಳು. 1842ರಲ್ಲಿ ಹಡಗನ್ನು ಹತ್ತಿ ಪಾರಾದಳು.

ಇದನ್ನು ನಂಬಲಾಗದೆಂದವರು ಯಜಮಾನರ ಪಕ್ಷದವರು ಮಾತ್ರವಲ್ಲ. ಗುಲಾಮರ ಬಾಳನ್ನು ಅವರ ದೃಷ್ಟಿಯಿಂದಲೇ ಬರೆಯಲು ಹೊರಟ ಜಾನ್ ಬ್ಲಾಸಿಂಗೇಮ್ ಅವರೂ 1972ರ ತಮ್ಮ ಗ್ರಂಥದಲ್ಲಿ ಇದು ವಿಶ್ವಾಸಾರ್ಹವಲ್ಲವೆಂದೇ ಬಗೆದರು. ಕಥೆಯು ಅತಿ ಕ್ರಮಬದ್ಧ, ಶೈಲಿಯು ಕಾದಂಬರಿಯದು, ಆಕಸ್ಮಿಕ ಸಮಾಗಮಗಳು ಹೆಚ್ಚು ಎಂಬಿವು ಆಕ್ಷೇಪಗಳು. 1987ರಲ್ಲಿ ಜೀನ್ ಫೇಗನ್ ಯೆಲಿನ್ ಅವರು, ಜೇಕಬ್ಸಳು ತನ್ನ ಸ್ನೇಹಿತೆಯಾದ ಏಮಿ ಪೋಸ್ಟಳಿಗೆ ಬರೆದ ಕಾಗದಗಳನ್ನೂ ಈಡೆಂಟನ್ನಿನ ದಾಖಲೆಗಳನ್ನೂ ಮುಂದಿಟ್ಟು, ಗ್ರಂಥವು ಆಕೆಯದೇ ಎಂದೂ ಅದರ ವ್ಯಕ್ತಿಗಳು ನಿಜವಾದವರೆಂದೂ ಸ್ಥಾಪಿಸಿದರು. ಆಕೆಯನ್ನು ಹಿಡಿದುಕೊಟ್ಟವರಿಗೆ 100 ಡಾಲರ್ ಕೊಡುವುದಾಗಿ ನಾರ್ಕಮ್‌ನು 1835ರಲ್ಲಿ ಹೊರಡಿಸಿದ ಪ್ರಕಟಣೆಯೂ ಉಳಿದುಬಂದಿದೆ. ಗಮನಿಸಬೇಕಾದುದೇನೆಂದರೆ ಶೈಲಿಯಿಂದ ಮಾಡಿದ ಅನುಮಾನವು ಎಷ್ಟು ದುರ್ಬಲವೆಂಬುದು. ಸ್ತ್ರೀಯು ತನ್ನ ಮಾನಹಾನಿಯ ಸಂಗತಿಯನ್ನು ಸಭ್ಯಮಹಿಳೆಯರ ಮುಂದೆ ಹೇಳಬೇಕಾದಾಗ ಆ ಮಹಿಳೆಯರು ಓದುವ ಕಾದಂಬರಿಯ ಭಾಷೆಯನ್ನಲ್ಲದೆ ಬೇರೆ ಯಾವ ಭಾಷೆಯನ್ನು ಆಶ್ರಯಿಸಬಲ್ಲಳು? ರೀತಿಯು ಎರವಲಾದ ಮಾತ್ರಕ್ಕೆ ವಸ್ತುವು ಕಲ್ಪಿತವಾಗದು. ಸಂಪಾದಕಿಯಾದ ಲಿಡಿಯಾ ಮರಿಯಾ ಚೈಲ್ಡ್ ತಿದ್ದಿದುದು ಅಲ್ಪವೆಂದು ಹೇಳಿಕೊಂಡಿದ್ದರೂ, ಜಾನ್ ಬ್ರೌನನ 1859ರ ದಂಗೆಯನ್ನು ಕುರಿತ ಕೊನೆಯ ಅಧ್ಯಾಯವನ್ನು ತೆಗೆಯಿಸಿ, ಅಜ್ಜಿಯ ಸ್ಮರಣೆಯಿಂದ ಮುಗಿಸುವಂತೆ ಮಾಡಿದಳೆಂಬುದು ಪತ್ರಗಳಿಂದ ತಿಳಿಯಬರುತ್ತದೆ. ರಾಜಕೀಯವು ಹೋಗಿ ಕರುಣರಸವು ಉಳಿಯಿತು. ವಿಮರ್ಶಕರು ಸಂಶಯಿಸಬೇಕಾದುದು ಇಂಥ ಕಡೆ.

ಈ ಗ್ರಂಥದಲ್ಲಿ ಯಾವ ಲೆಕ್ಕದ ಪುಸ್ತಕದಲ್ಲಿಯೂ ದೊರೆಯದ ಒಂದು ಲೆಕ್ಕವಿದೆ. ಅಜ್ಜಿಯು ಗುಲಾಮಳಾಗಿದ್ದಾಗ ಮನೆಯ ಕೆಲಸವೆಲ್ಲ ಮುಗಿದ ಮೇಲೆ ನಡುರಾತ್ರಿಯಲ್ಲಿ ಬಿಸ್ಕತ್ತು ಸುಟ್ಟು ಮಾರಿ, ಮಕ್ಕಳನ್ನು ಬಿಡಿಸಿಕೊಳ್ಳಲೆಂದು 300 ಡಾಲರ್ ಕೂಡಿಸಿಟ್ಟಳು. ಯಜಮಾನಿಯು ಅದನ್ನು ಸಾಲವಾಗಿ ಕೇಳಿ ಪಡೆದಳು, ಹಿಂದಕ್ಕೆ ಕೊಡಲಿಲ್ಲ. ಗುಲಾಮಳಿಗೆ ಆಸ್ತಿಯಿಲ್ಲವಾದುದರಿಂದ ಕಾನೂನಿನ ದೃಷ್ಟಿಯಲ್ಲಿ ಅದು ಋಣವೇ ಅಲ್ಲ. 1852ರಲ್ಲಿ ನ್ಯೂಯಾರ್ಕಿನ ಹಿತೈಷಿಣಿಯೊಬ್ಬಳು ಜೇಕಬ್ಸಳನ್ನು ಕೊಂಡು ಬಿಡುಗಡೆ ಮಾಡಿದಾಗ ತೆತ್ತ ಹಣವೂ 300 ಡಾಲರೇ. ಅಜ್ಜಿಯ ಆ ಹಣವು ಕೈಯಲ್ಲಿ ಉಳಿದಿದ್ದರೆ ಎಂಬ ಮಾತನ್ನು ಗ್ರಂಥಕರ್ತ್ರಿಯು ಎತ್ತುವುದಿಲ್ಲ. ಎರಡು ಅಂಕಿಗಳನ್ನು ಗ್ರಂಥದ ಎರಡು ತುದಿಗಳಲ್ಲಿ ಇಟ್ಟು ಸುಮ್ಮನಿದ್ದಾಳೆ.

ಮೇರಿ ಪ್ರಿನ್ಸಳಿಗೆ ಇಷ್ಟು ಸ್ವಾತಂತ್ರ್ಯವೂ ಇರಲಿಲ್ಲ. ಬರ್ಮುಡಾದಲ್ಲಿ ಹುಟ್ಟಿ, ಟರ್ಕ್ಸ್ ದ್ವೀಪದ ಉಪ್ಪಿನ ಮಡುಗಳಲ್ಲಿ ಬೆಳಗ್ಗೆ ನಾಲ್ಕರಿಂದ ಮೊಣಕಾಲುದ್ದದ ನೀರಿನಲ್ಲಿ ನಿಂತು ಕಾಲೆಲ್ಲ ಹುಣ್ಣಾದ ಈಕೆ, ಯಜಮಾನನೊಡನೆ ಆಂಟಿಗುವಾದಿಂದ 1828ರಲ್ಲಿ ಲಂಡನ್ನಿಗೆ ಬಂದಳು. ಲಂಡನ್ನಿನಲ್ಲಿ ಸ್ವತಂತ್ರಳು, ಗಂಡನಿದ್ದ ಆಂಟಿಗುವಾಕ್ಕೆ ಮರಳಿದರೆ ಪುನಃ ಗುಲಾಮಳು. ಆಕೆಯು ಹೇಳಿದುದನ್ನು ಬರೆದುಕೊಂಡವಳು ಸುಸಾನಾ ಸ್ಟ್ರಿಕ್‌ಲೆಂಡ್, ಸಂಪಾದಿಸಿದವನು ಥಾಮಸ್ ಪ್ರಿಂಗಲ್. ಪುನರುಕ್ತಿಗಳನ್ನೂ ವ್ಯಾಕರಣದೋಷಗಳನ್ನೂ ಸವರಿದುದಾಗಿ ಆತನೇ ಒಪ್ಪಿರುವನು. ವಾಚಕರಿಗೆ ನಂಬಿಕೆ ಸಾಲದೆ, ಆಕೆಯ ಬೆನ್ನಿನ ಬಾಸುಂಡೆಗಳನ್ನು ಪರೀಕ್ಷಿಸಿ ಕಂಡೆನೆಂದು ಪ್ರಿಂಗಲನ ಹೆಂಡತಿಯು ಬರೆದ ಪತ್ರವನ್ನು ಮುಂದಿನ ಮುದ್ರಣದಲ್ಲಿ ಸೇರಿಸಬೇಕಾಯಿತು. ಬಾಯಿಯ ಮಾತಿಗೆ ಬೆನ್ನು ಜಾಮೀನು. 1833ರ ಮಾನಹಾನಿಯ ಮೊಕದ್ದಮೆಯಲ್ಲಿ ಆಕೆಯೇ ಸಾಕ್ಷಿಯಾಗಿ ನಿಂತು, ಪರಪುರುಷನೊಬ್ಬನೊಡನೆ ತನಗಿದ್ದ ಸಂಬಂಧವನ್ನು ತಾನು ಸ್ಟ್ರಿಕ್‌ಲೆಂಡಳಿಗೆ ಹೇಳಿದ್ದೆನೆಂದು ನುಡಿದಳು. ಪುಸ್ತಕದಲ್ಲಿ ಅದಿಲ್ಲ. ಆಕೆಯು ಮರೆಮಾಚಲಿಲ್ಲ, ನಿರ್ದೋಷಿಯಾದ ಸ್ತ್ರೀಯೇ ಕರುಣೆಗೆ ಪಾತ್ರಳೆಂದು ಎಣಿಸಿದ ಸಂಪಾದಕರು ಮರೆಮಾಚಿದರು. ಅದೇ ವರ್ಷ ಪಾರ್ಲಿಮೆಂಟು ವಿಮೋಚನೆಯ ಕಾನೂನನ್ನು ಮಾಡಿ ಯಜಮಾನರಿಗೆ 2 ಕೋಟಿ ಪೌಂಡ್ ಪರಿಹಾರವನ್ನು ಗೊತ್ತುಪಡಿಸಿತು. ಗುಲಾಮರಿಗೆ ಏನೂ ಇಲ್ಲ. ಆ ಹಣವನ್ನು ಪಡೆದವರ ಹೆಸರುಗಳು ಕ್ರಮವಾಗಿ ದಾಖಲೆಯಲ್ಲಿವೆ. ಮೇರಿ ಪ್ರಿನ್ಸಳ ಸುಳಿವು ಆ ಮೊಕದ್ದಮೆಯ ಅನಂತರ ಸಿಕ್ಕುವುದಿಲ್ಲ.

ಹಾಗೆಂದು ಯಜಮಾನರ ಕಾಗದಗಳು ಅನುಪಯುಕ್ತವೆಂದು ಹೇಳಲಾಗದು. ಡಗ್ಲಸ್ಸನಿಗೆ ತನ್ನ ಹುಟ್ಟಿದ ವರ್ಷವು ತಿಳಿಯದು. 1817 ಇರಬಹುದೆಂದು ಎಣಿಸಿ, ಅದೇ ಎಣಿಕೆಯಲ್ಲಿ 1895ರಲ್ಲಿ ತೀರಿಕೊಂಡನು. ಮೊದಲ ಯಜಮಾನನಾದ ಏರನ್ ಆಂಥನಿಯ ಲೆಕ್ಕದ ಪುಸ್ತಕದಲ್ಲಿ ಹ್ಯಾರಿಯೆಟಳ ಮಗನು 1818ರ ಫೆಬ್ರವರಿಯಲ್ಲಿ ಜನಿಸಿದನೆಂದು ಇರುವುದನ್ನು ಡಿಕ್ಸನ್ ಪ್ರೆಸ್ಟನ್ ಅವರು 1980ರ ಗ್ರಂಥದಲ್ಲಿ ತೋರಿಸಿರುವರು. ಆಂಥನಿಯ ಪುಸ್ತಕವು ತಾರೀಖನ್ನು ಕೊಡುತ್ತದೆ. ತನ್ನ ಹುಟ್ಟುಹಬ್ಬವನ್ನು ತಿಳಿಯದ ಬಾಲಕನಿಗೆ ಅದನ್ನು ಕೇಳುವ ಅಧಿಕಾರವೂ ಇರಲಿಲ್ಲವೆಂಬುದನ್ನು ಡಗ್ಲಸ್ಸನ ಪುಸ್ತಕವು ಕೊಡುತ್ತದೆ. ಮೂಲವು ಎರಡನೆಯದು, ಟಿಪ್ಪಣಿಯು ಮೊದಲನೆಯದು. ಫಿಲಿಪ್ಸನು ಟಿಪ್ಪಣಿಯನ್ನು ಮೂಲವೆಂದು ಹಿಡಿದು ಮೂಲವನ್ನು ಪ್ರಕ್ಷಿಪ್ತವೆಂದನು.

ಬರೆದವರ ಸಂಗತಿಯು ಹೀಗಾದರೆ ಬರೆಯಲಾರದವರ ಪಾಡೇನು? 1860ರ ಜನಗಣತಿಯಂತೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮರು 39 ಲಕ್ಷಕ್ಕೂ ಹೆಚ್ಚು. ಪುಸ್ತಕ ಬರೆದವರು ಓಡಿಬಂದು ಉಳಿದವರು, ಹೆಚ್ಚಾಗಿ ಗಂಡಸರು. 1936ರಿಂದ 1938ರವರೆಗೆ ಸರಕಾರದ ವತಿಯಿಂದ 17 ಸಂಸ್ಥಾನಗಳಲ್ಲಿ ಮುದುಕರಾಗಿದ್ದ ಮಾಜಿ ಗುಲಾಮರ ಹೇಳಿಕೆಗಳನ್ನು ಬರೆದುಕೊಂಡರು. ಅವು 2,300ಕ್ಕಿಂತ ಹೆಚ್ಚು. ಕೇಳಿದವರಲ್ಲಿ ಬಹುಮಂದಿ ಬಿಳಿಯರು. ಚಾರ್ಲ್‌ಸ್ಟನ್ನಿನ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯ ಹೇಳಿಕೆಗಳು ಇದಕ್ಕೆ ಪ್ರಸಿದ್ಧ ದೃಷ್ಟಾಂತ. ಬಿಳಿಯ ಹೆಂಗಸೊಬ್ಬಳು ಕೇಳಿದಾಗ, ಆಕೆಯು ಬಡವರಿಗೆ ನೆರವು ಕೊಡುವ ಕಚೇರಿಯವಳೆಂದು ಬಗೆದ ವೃದ್ಧೆಯು ತನ್ನ ಯಜಮಾನನು ಒಳ್ಳೆಯವನೆಂದಳು. ಕರಿಯನೊಬ್ಬನು ಕೇಳಿದಾಗ ಅದೇ ಬಾಯಿಂದ ಹೊಡೆತಗಳೂ, ಮಾರಾಟದಲ್ಲಿ ಅಗಲಿಸಲ್ಪಟ್ಟ ಸಂಸಾರಗಳೂ ಹೊರಬಂದವು. ಇಂಥಲ್ಲಿ ವಕ್ತೃವಿನ ಆಪ್ತತ್ವದ ಜೊತೆಗೆ ಶ್ರೋತೃವಿನ ಅಧಿಕಾರವನ್ನೂ ವಿಚಾರಿಸಬೇಕು. ಪೋರ್ಚುಗೀಸರ ಗೋವೆಯ ಮೂಲಕ ಬಂದ ಆಫ್ರಿಕದವರ ವಂಶಜರಾಗಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ನೆಲಸಿರುವ ಸಿದ್ದಿಗಳ ಹಾಡನ್ನೂ ಕಥೆಯನ್ನೂ ಸಂಗ್ರಹಿಸಹೊರಡುವ ಕನ್ನಡ ವಿದ್ವಾಂಸರೂ ಕೇಳುವವನು ಯಾರೆಂಬುದನ್ನು ಹೇಳಿಕೆಯ ಪಕ್ಕದಲ್ಲಿಯೇ ಬರೆದಿಡತಕ್ಕದ್ದು.

ಕೇಳುವವರ ಅಧಿಕಾರಕ್ಕೆ ಉತ್ತಮ ನಿದರ್ಶನವು ಜೋರಾ ನೀಲ್ ಹರ್ಸ್ಟನ್. ಹೊಸ ಗುಲಾಮರನ್ನು ತರುವುದು 1808ರಲ್ಲಿಯೇ ನಿಷಿದ್ಧವಾಗಿದ್ದರೂ 1860ರಲ್ಲಿ ಕ್ಲೋಟಿಲ್ಡಾ ಎಂಬ ಹಡಗು ಕಳ್ಳತನದಿಂದ ನೂರಕ್ಕೂ ಹೆಚ್ಚು ಮಂದಿಯನ್ನು ಅಲಬಾಮಾಕ್ಕೆ ತಂದಿತು. ಅವರಲ್ಲೊಬ್ಬನಾದ ಕೊಸೋಲಾನನ್ನು ಹರ್ಸ್ಟನ್ 1927ರಲ್ಲಿಯೂ ಮರುವರ್ಷವೂ ಕಂಡು ಮಾತನಾಡಿಸಿದಳು. ನಿನ್ನ ಕಥೆಯನ್ನು ಹೇಳೆಂದರೆ ಆತನು ಅಜ್ಜನಿಂದ ಆರಂಭಿಸಿದನು. ತಂದೆಯನ್ನು ಹೇಳದೆ ಮಗನನ್ನು ಹೇಳುವುದು ತಮ್ಮ ನಾಡಿನ ಮರ್ಯಾದೆಯಲ್ಲವೆಂದನು. ವಂಶಾನುಚರಿತವಿಲ್ಲದೆ ಪುರಾಣವಿಲ್ಲವೆಂಬುದನ್ನು ಬಲ್ಲ ಇಲ್ಲಿಯ ವಾಚಕರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆತನ ದೀರ್ಘಾಯುಸ್ಸಿನಲ್ಲಿ ಗುಲಾಮತನವು ಐದಾರು ವರ್ಷ. ಕಥನದಲ್ಲಿಯೂ ಅದಕ್ಕೆ ಸಿಕ್ಕಿದುದು ಅಲ್ಪ ಸ್ಥಳ. ಉಳಿದುದೆಲ್ಲ ಹುಟ್ಟಿದ ಊರು, ಬಿಡುಗಡೆಯ ಅನಂತರ ತನ್ನವರೊಡನೆ ಕಟ್ಟಿದ ಊರು, ಕಳೆದುಕೊಂಡ ಮಕ್ಕಳು. ಗುಲಾಮಪದ್ಧತಿಯ ಚರಿತ್ರೆಗೆ ಸಾಮಗ್ರಿಯನ್ನು ಹುಡುಕಿ ಬಂದವರಿಗೆ ಇದು ವಿಷಯಾಂತರವಾಗಿ ಕಂಡೀತು. ಆತನಿಗೆ ವಿಷಯಾಂತರವಾಗಿದ್ದುದು ಗುಲಾಮತನವೇ.

ಆತನ ಮುರುಕು ಇಂಗ್ಲಿಷನ್ನು ಹರ್ಸ್ಟನ್ ಇದ್ದಂತೆಯೇ ಬರೆದುಕೊಂಡಳು. 1931ರಲ್ಲಿ ಹಸ್ತಪ್ರತಿಯನ್ನು ನೋಡಿದ ಪ್ರಕಾಶಕರು ಆಡುನುಡಿಯನ್ನು ತೆಗೆದು ಶಿಷ್ಟಭಾಷೆಯಲ್ಲಿ ಬರೆದುಕೊಟ್ಟರೆ ಅಚ್ಚುಹಾಕಬಹುದೆಂದರು, ಆಕೆಯು ಒಪ್ಪಲಿಲ್ಲ. ಮಮ್ಮಟನು ಗ್ರಾಮ್ಯದೋಷವು ನೀಚಪಾತ್ರಗಳ ಮಾತಿನಲ್ಲಿ ಗುಣವಾಗುವುದೆಂದಿರುವನು. ಅವನ ಲಕ್ಷಣವು ಇಲ್ಲಿ ಫಲದಲ್ಲಿ ಒಪ್ಪುತ್ತದೆ, ಹೇತುವಿನಲ್ಲಿ ಒಪ್ಪದು: ಕೊಸೋಲಾನ ಭಾಷೆಯು ಮುರಿದುದು ಆತನು ನೀಚನಾದುದರಿಂದಲ್ಲ, ಹತ್ತೊಂಬತ್ತರ ಪ್ರಾಯದಲ್ಲಿ ಕಡಲಿನಾಚೆ ಒಯ್ಯಲ್ಪಟ್ಟುದರಿಂದ. ಇದನ್ನು ಕನ್ನಡಿಸುವವರು ಹಳಗನ್ನಡದ ಛಾಯೆಯನ್ನಾಗಲಿ ಪಾಠಶಾಲೆಯ ಶುದ್ಧಿಯನ್ನಾಗಲಿ ತರದೆ, ಬೇರೆ ಮಾತೃಭಾಷೆಯವನು ಪ್ರೌಢವಯಸ್ಸಿನಲ್ಲಿ ಕಲಿತು ಆಡುವ ಕನ್ನಡವನ್ನು ಕಿವಿಗೊಟ್ಟು ಕೇಳಿ ಬರೆಯಬೇಕು. ಕೊಸೋಲಾ 1935ರಲ್ಲಿಯೂ ಹರ್ಸ್ಟನ್ 1960ರಲ್ಲಿಯೂ ತೀರಿಕೊಂಡರು. ಗ್ರಂಥವು ಆ ಮಾತಿನಲ್ಲಿಯೇ 2018ರಲ್ಲಿ ಅಚ್ಚಾಯಿತು.